ಬೂಷ್ಟು, ನಾಲ್ಕನೆಯ ದಿನ

ಕುತೈಸಿಯ ಮೂರನೇ ಮಹಡಿಯಲ್ಲಿ ನುತ್ಸಾ
ಒಂದು ಹೋಳು ಬ್ರೆಡ್ಡಿಗೆ ನೀರು ಚಿಮುಕಿಸಿ
ಜಾಡಿಯೊಳಗಿಟ್ಟು ಮುಚ್ಚಳ ಬಿಗಿದಳು.
ಪರದೆಯಲ್ಲಿ ಟೀಚರ್ ಬಾಯಿ ತೆರೆದಂತೆಯೇ ನಿಂತರು:
“ದಿನಾ ನೋಡಿ, ಬರೆ—”

ಮೊದಲ ದಿನ: ಏನಿಲ್ಲ.
ಎರಡು: ಏನಿಲ್ಲ. ಅಜ್ಜಿಗೆ ಸಿಟ್ಟು.
ಮೂರು: ಬಿಳಿ ನವಿರು, ಬೆಕ್ಕಿನ ಕಿವಿಯೊಳಗಿನಂಥದು.
ನಾಲ್ಕು: ಜಾಡಿ ಖಾಲಿ.

ತೊಂಬತ್ತೆರಡರ ಚಳಿಗಾಲ, ನಸುಕಿನ ಮೂರಕ್ಕೇ
ಬ್ರೆಡ್ಡಿನ ಸಾಲಲ್ಲಿ ನಿಂತವಳು ಅಜ್ಜಿ,
ಅಂಗೈ ಮೇಲೆ ಪೆನ್ನಲ್ಲಿ ಬರೆದ ಸರದಿ ಸಂಖ್ಯೆ
ಒರೆಸಿಹೋದೀತೆಂದು ಕೈಗವಸು ತೊಡದೆ.

ಸಂಜೆ ತಟ್ಟೆಯಲ್ಲಿ ಉಗುರಿನಷ್ಟೇ ಒಂದು ಚೂರು,
ಬೂಷ್ಟಿದ್ದ ಅಂಚು ಮಾತ್ರ.
“ಪಾಠಕ್ಕೆ ಇಷ್ಟು ಸಾಲದೇ?”
ಉಳಿದದ್ದು ಎಲ್ಲಿ ಎಂದು ನುತ್ಸಾ ಕೇಳಲಿಲ್ಲ;
ಅಜ್ಜಿಯ ಗಲ್ಲಕ್ಕಂಟಿದ ಪುಡಿ ನೋಡಿದಳು.

ಐದು: ಮಾದರಿ ಚಿಕ್ಕದಾಗಿದೆ.
ಬೆಳವಣಿಗೆ ಇದೆ.