ಹದಿನೇಳನೇ ನಿಮಿಷ

ಭಾನುವಾರ ಹನ್ನೊಂದಕ್ಕೆ ಸಿಬ್ಗತ್ ತನ್ನ ಹೊಲಿಗೆ ಅಂಗಡಿಯ
ಷಟರನ್ನು ಅರ್ಧ ಮಾತ್ರ ಎತ್ತುತ್ತಾನೆ.
ಬಗ್ಗಿಯೇ ಒಳಗೆ ಬರಬೇಕು, ಅರವತ್ತು ದಾಟಿದ ಮೊಣಕಾಲಿಗೆ ಬೈಯುತ್ತ.
ಕಾಕ್ಸ್‌ಟೌನ್ ಮಾರ್ಕೆಟ್ಟಿನ ಮೀನುವಾಸನೆ
ಕರೆಯದೆಯೂ ನಮ್ಮ ಹಿಂದೆ ನುಸುಳುತ್ತದೆ.

ಅಂತೋಣಿರಾಜ್ ಕೂರುವ ಮೊದಲೇ ಜಗಳ ತೆಗೆಯುತ್ತಾನೆ:
'ಡೇಯ್, ಏಳಲ್ಲ, ಹದಿಮೂರು. ಎಣಿಸಿ ನೋಡು.'
ಕತ್ತರಿಯ ಹಿಡಿಯಿಂದ ಮೇಜಿಗೆ ಬಡಿಯುತ್ತಾನೆ.
ಮುನಿವೆಂಕಟಪ್ಪ ಭಜನೆಮನೆಯಲ್ಲಿ ಬೆಳೆದವನು,
ತೊಡೆಯ ಮೇಲೆ ಮಿಶ್ರಛಾಪು ಹಾಕಿ
'ತಕಿಟ ತಕಧಿಮಿ. ಇಷ್ಟೇ. ಮಿಕ್ಕಿದ್ದು ನಿನ್ನ ಜಂಬ' ಎನ್ನುತ್ತಾನೆ.
ಹದಿಮೂರು ಗೆಲ್ಲುವುದಿಲ್ಲ, ಏಳು ಸೋಲುವುದಿಲ್ಲ,
ನಲವತ್ತು ವರ್ಷದಿಂದ.

ಇಪ್ಪತ್ತಮೂರು ನಿಮಿಷದ ಹಾಡು, ತಟ್ಟೆಯ ಒಂದು ಮಗ್ಗುಲು ಪೂರ್ತಿ.
ನಡುವೆ ಆರ್ಗನ್ನು ಇಗರ್ಜಿಯ ಗೋಪುರ ಹತ್ತಿ
ಇಳಿಯುವುದ ಮರೆತು ನಿಂತುಬಿಡುತ್ತದೆ.
ಆಗ ಕೊಳಲು.
ಅಂತೋಣಿಗೆ ಅದು ಆಗದು: 'ಊಟದ ಪಂಕ್ತಿಯಲ್ಲಿ ಭಾಷಣ.'
ಮುನಿಗೆ ಅದೇ ಪ್ರಾಣ, ಕಣ್ಣು ಒರೆಸಿಕೊಂಡು
ಧೂಳು ಎಂದು ಸುಳ್ಳು ಹೇಳುತ್ತಾನೆ.
ಹದಿನೇಳನೇ ನಿಮಿಷಕ್ಕೆ ಮಾತ್ರ ಮೂವರೂ ಒಂದೇ ಪಕ್ಷ:
ಎಲ್ಲ ವಾದ್ಯವೂ ಒಟ್ಟಿಗೆ ಜಾರತೊಡಗುತ್ತವೆ,
ಹಾಡುವವನ ಗಂಟಲು ಕೋಣದ ಗಂಟಲಾಗಿ,
ಹಗ್ಗ ತಪ್ಪಿದ ಕೊಡ ಬಾವಿಯೊಳಗೆ ಇಳಿದಂತೆ ಇಳಿದು
ಮೌನ.
ಮೌನದೊಳಗೆ ಎಲ್ಲೋ ಒಂದು ಗಂಟೆ, ಚಿಕ್ಕದು.
'ಅರೆ, ಆ ಗಂಟೆ! ಯಾವನಿಗೆ ಹೊಳೆಯುತ್ತೆ ಹೇಳಿ?'
ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಸಿಬ್ಗತ್.

ಹೋದ ವಾರ ಅಂತೋಣಿಯ ತಂಗಿಮಗ
ಫೋನಿನಲ್ಲಿ ಪೂರ್ತಿ ಹಾಡು ಹಾಕಿದ.
ಜಾರಲಿಲ್ಲ. ಗಂಟೆ ಬಡಿಯಲಿಲ್ಲ.
ಹದಿನೆಂಟು, ಹತ್ತೊಂಬತ್ತು, ನೆಟ್ಟಗೆ ನಡೆದು
ಕೊನೆಗೆ ಮದುವೆ ಬ್ಯಾಂಡಿನ ಹಾಗೆ ತುತ್ತೂರಿ ಊದಿ ಮುಗಿಯಿತು.
ಯಾರೂ ಮಾತಾಡಲಿಲ್ಲ. ಆಮೇಲೆ ಮುನಿ ತೀರ್ಪು ಕೊಟ್ಟ:
'ಇದು ಕಂಪನಿಯವರು ತಿದ್ದಿದ್ದು. ಧೈರ್ಯ ಸಾಲಲಿಲ್ಲ ಅವರಿಗೆ.'

ನಾನು ಹೇಳಿಬಿಟ್ಟೆ.
ಎಂಬತ್ತೊಂದನೇ ಇಸವಿ, ದೂರವಾಣಿನಗರದ ಕ್ವಾರ್ಟರ್ಸು,
ರಿಲೇ ಜೋಡಿಸಿ ಬೆರಳು ಮರಗಟ್ಟಿದ ಸಂಜೆ.
ಎರವಲು ತಟ್ಟೆ, ಬೆಳಿಗ್ಗೆ ವಾಪಸು ಕೊಡಬೇಕು.
ಪ್ಲೇಯರು ಕರೆಂಟಿನದು, ಟೇಪು ಸೆಲ್ಲಿನದು,
ನಡುವೆ ಒಂದು ಗೇಣು ಗಾಳಿ.
ಕೆಮ್ಮು ಬಂದರೂ ನುಂಗಿಕೊಂಡು ಕೂತಿದ್ದೆ.
ಬಲ್ಬು ಮೊದಲು ಕಿತ್ತಳೆಯಾಯಿತು, ಆಮೇಲೆ ಕೆಂಡ,
ತಟ್ಟೆ ದಣಿಯಿತು, ತೂಕಡಿಸಿತು, ನಿಂತಿತು.
ಕತ್ತಲಲ್ಲಿ ಟೇಪೊಂದೇ ತಿರುಗುತ್ತಿತ್ತು.
ಬೀದಿಯಲ್ಲಿ ಸೀಮೆಎಣ್ಣೆ ಗಾಡಿ.
ನಿಮ್ಮೆಲ್ಲರ ಕ್ಯಾಸೆಟ್ಟೂ
ಆ ಒಂದು ಕ್ಯಾಸೆಟ್ಟಿನ ಮಕ್ಕಳು, ಮೊಮ್ಮಕ್ಕಳು.

ಸಿಬ್ಗತ್ ಪಿನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ.
'ಸುಗುಣಾ,' ಎಂದ ಮುನಿ, ಮಗುವಿಗೆ ಹೇಳುವಂತೆ,
'ಸರಿಯಾಗಿ ಏಳನೇ ಪೆಟ್ಟಿಗೆ ಕರೆಂಟು ತೆಗೆಯುವಷ್ಟು ತಾಳಜ್ಞಾನ
ಕೆ.ಇ.ಬಿ.ಯಲ್ಲಿ ಯಾವ ಲೈನ್‌ಮನ್ನಿಗಿತ್ತು?'
'ಹದಿಮೂರನೇ ಪೆಟ್ಟು,' ಅಂತೋಣಿ ಕತ್ತರಿ ಎತ್ತಿಕೊಂಡ.
ಮತ್ತೆ ಶುರುವಾಯಿತು. ಚಹಾ ಆರಿತು.

ನಂಬದಿದ್ದರೆ ಬೇಡ.
ಗಂಟೆಯಾದ ಮೇಲೆ ನನ್ನ ಟೇಪಿನಲ್ಲಿ ಇನ್ನೂ ನಾಲ್ಕು ಸೆಕೆಂಡು ಇದೆ:
ಬೆಂಕಿಕಡ್ಡಿ ಎರಡು ಸಲ ಗೀರಿದ ಸದ್ದು.
ಮೊದಲನೆಯದು ಹತ್ತಲಿಲ್ಲ,
ತಟ್ಟೆ ತಂದುಕೊಟ್ಟವನ ಕೈ ಬೆವೆತಿತ್ತು.
ಅಷ್ಟನ್ನು ಮಾತ್ರ ನಾನು ಯಾರಿಗೂ
ಪ್ರತಿ ಮಾಡಿಕೊಟ್ಟಿಲ್ಲ.