ಮೂರನೇ ನಂಬರ್ ಮಿಷನ್ನು

ಬುಧವಾರ, ಶನಿವಾರ, ಮೊದಲ ಬಸ್ಸಿಗೆ
ಸಾಣಿಕಟ್ಟೆಯಿಂದ ಕುಮಟೆಗೆ ಬರುತ್ತಾಳೆ ಬೊಮ್ಮಕ್ಕ ಆಗೇರ.
ನಲವತ್ತು ವರ್ಷ ಆಗರದಲ್ಲಿ ಉಪ್ಪು ಎಳೆದ ಕೈ,
ಈಗ ಅದರಲ್ಲಿ ನನ್ನ ಎರಡು ಸೂಜಿ.
ಡಾಕ್ಟರ ಚೀಟಿಯಲ್ಲಿ: ಉಪ್ಪು ಕಡಿಮೆ.
"ಯಾರಿಗೆ ಹೇಳೂದು ನೋಡು" ಎಂದು ನಗುತ್ತಾಳೆ.

"ತಮಾ, ಒಳಗೆ ಕೆಟ್ಟದ್ದು ಎಂತದು?"
ಕೇಳಿದಳು ಒಂದು ದಿನ.
ನಾಲ್ಕು ತಾಸು ಕಳೆಯಬೇಕಲ್ಲ, ಹೇಳಿದೆ:

ಕೂದಲಿಗಿಂತ ಸಪೂರ ಕಾಲುವೆಗಳು, ಲಕ್ಷಗಟ್ಟಲೆ.
ಆಳಕ್ಕೆ ಇಳಿದು, ತಿರುಗಿ,
ಇಳಿದ ದಾರಿಯ ಮಗ್ಗುಲಲ್ಲೇ ಹತ್ತುತ್ತವೆ.
ಇಳಿಯುವಾಗಿನ ಗೋಡೆ ನೀರು ಬಿಡುತ್ತದೆ.
ಹತ್ತುವಾಗಿನದು ನೀರಿಗೆ ಗಟ್ಟಿ,
ಉಪ್ಪನ್ನಷ್ಟೇ ಹೊರಕ್ಕೆ ದಬ್ಬುತ್ತದೆ.
ದಬ್ಬಿದ ಉಪ್ಪು ಪಕ್ಕದಲ್ಲಿ ಇಳಿಯುವ ನೀರನ್ನು ಸೆಳೆದು,
ಉಳಿದದ್ದು ಗಾಢವಾಗಿ ತಿರುವಿಗೆ ಬಂದು,
ಮತ್ತೆ ದಬ್ಬು, ಮತ್ತೆ ಸೆಳೆ.
ಒಂದೊಂದು ಮೆಟ್ಟಿಲಿಗೆ ವ್ಯತ್ಯಾಸ ಚೂರೇ ಚೂರು;
ಎದುರುಬದುರು ಹರಿದು ಹರಿದು
ತಳ ಮಾತ್ರ ಸಮುದ್ರದಷ್ಟು ಗಾಢ.
ಕೊನೆಯ ಕಾಲುವೆ ಆ ತಳ ಹಾದು ಹೊರಡುವಾಗ
ಉಪ್ಪು ಅದರ ನೀರನ್ನು ಮನೆಗೆ ಕರೆಯುತ್ತದೆ.
ದಿನಕ್ಕೆ ನೂರೆಂಬತ್ತು ಲೀಟರ್ ಸೋಸಿದರೆ
ಹೊರಗೆ ಹೋಗುವುದು ಒಂದೂವರೆ.

ಕಣ್ಣು ಮುಚ್ಚಿ ಕೇಳಿದಳು. ನಿದ್ದೆ ಅಂದುಕೊಂಡೆ.

"ನಮ್ಮಲ್ಲೂ ಹಾಗೇ. ದೊಡ್ಡ ಕೆರೆ, ನಡು ಕೆರೆ, ಪಾತಿ,
ಒಂದರಿಂದೊಂದಕ್ಕೆ ನೀರು ಕಟುವಾಗ್ತಾ ಬರ್ತದೆ.
ಆದರೆ ನಮಗೆ ಬಿಸಿಲಿತ್ತು ತಮಾ.
ಅಲ್ಲಿ ಒಳಗೆ ಕತ್ತಲೆ. ಉಪ್ಪು ದಬ್ಬುವವರಿಗೆ
ಕೂಲಿ ಕೊಡೋರು ಯಾರು?"

ನೀನುಂಡ ಗಂಜಿಯೇ ಕೂಲಿ, ಅಂದೆ.

ಸುಮ್ಮನಾದಳು. ಆಮೇಲೆ:
"ಏಪ್ರಿಲ್‌ನಲ್ಲಿ ನಾವು ಮಧ್ಯಾಹ್ನದವರೆಗೆ ನೀರೇ ಕುಡೀತಿರಲಿಲ್ಲ.
ಬಟಾಬಯಲು. ಹೆಂಗಸರಿಗೆ ಮರೆ ಎಲ್ಲಿ?
ಹಾಗಾದ್ರೆ ಆ ಹೊತ್ತೆಲ್ಲ
ಹನಿ ಹನಿ ಹಿಡಿದಿಟ್ಟು ದುಡಿದದ್ದು ಅವರೇ.
ಗಂಜಿ ಮಾತ್ರ ನಾನು ಅರ್ಧ ಹೊಟ್ಟೆ ಉಂಡೆ."

ಇದಕ್ಕೆ ನನ್ನ ಡಿಪ್ಲೊಮಾದಲ್ಲಿ ಉತ್ತರವಿಲ್ಲ.
ಮಿಷನ್ನು ನೋಡಿದೆ: ರಕ್ತ ಆಚೆಯಿಂದ, ದ್ರಾವಣ ಈಚೆಯಿಂದ.
ಎದುರುಬದುರಿನ ಉಪಾಯ ಅದಕ್ಕೂ ಗೊತ್ತು,
ಹಿಡಿದಿಡುವುದು ಗೊತ್ತಿಲ್ಲ.

ಹೋಗುವಾಗ ಚೀಲದಿಂದ ಪೇಪರಿನ ಪೊಟ್ಟಣ ತೆಗೆದಳು.
ಆಗರದ ಕಂದು ಉಪ್ಪು.
"ನನಗಂತೂ ಬೇಡ. ಮೀನಿಗೆ ಹಾಕು."

ಕಿಟಕಿಯ ಮೇಲಿಟ್ಟೆ. ಅಘನಾಶಿನಿಯ ಕಡೆಯ ಗಾಳಿ.
ಸಂಜೆ ನೋಡಿದರೆ ಪೇಪರು ಒದ್ದೆ,
ಸುದ್ದಿಯ ಮಸಿ ಕಟ್ಟೆಗಿಳಿದಿದೆ.
ಯಾರೂ ನೀರು ಹಾಕಿರಲಿಲ್ಲ.