ಮಂಗಳವಾರದ ಎಣಿಕೆ

ಬಾಗಿಲು ಹಾಕಿದ ಬ್ಯಾಂಕಿನ ಮುಂದೆ
ಬೆಳಗಿನ ನಾಲ್ಕಕ್ಕೆ ಮಡಚುಕುರ್ಚಿ ಬಿಚ್ಚುತ್ತೇನೆ.
ಮೊಣಕಾಲ ಮೇಲೆ ಕಂಬಳಿ, ಕಂಬಳಿಯ ಮೇಲೆ ರಟ್ಟು,
ರಟ್ಟಿಗೆ ಕ್ಲಿಪ್ಪು ಕಚ್ಚಿದ ಹಾಳೆ.
ನಾಲ್ಕು ಗೀಟು, ಐದನೆಯದು ಅಡ್ಡ.
ನಾಲ್ಕು ಗೀಟು, ಐದನೆಯದು ಅಡ್ಡ.
ಕ್ವೀನ್ಸ್‌ಲ್ಯಾಂಡಿನ ಈ ಗೂರಾಬಿನ್ ಊರಿನ ದೊಡ್ಡಬೀದಿಯನ್ನು
ಆರು ವರ್ಷದಿಂದ ಬೇಲಿ ಬೇಲಿಯಾಗಿ ಕಟ್ಟಿ
ಶೂ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಗೋಧಿ ಹೋಗುತ್ತದೆ. ಹತ್ತಿ ಹೋಗುತ್ತದೆ.
ಗಣಿಯ ಯಂತ್ರದ ಒಂದೊಂದೇ ಅಂಗ
ಹಿಂದೆ ಮುಂದೆ ಮಿಣುಕುದೀಪದ ಕಾರಿನ ಕಾವಲಲ್ಲಿ
ಸತ್ತ ರಾಜನ ಹಾಗೆ ಹೋಗುತ್ತದೆ.
ಕೆಂಪು ದೀಪಕ್ಕೆ ದನದ ಲಾರಿ ನಿಂತರೆ
ಸಂದುಗಳೊಳಗಿಂದ ಕಣ್ಣು, ಕಣ್ಣು, ಮತ್ತೆ ಕಣ್ಣು;
ಕೆಳಗೆ ಔಷಧದಂಗಡಿಯ ಮುಂದೆ ಗಂಜಳದ ಕಾಲುವೆ.
ಅವನ್ನೂ ಎಣಿಸಬೇಕೇ ಎಂದು ಮೊದಲ ವರ್ಷ ಕೇಳಿದ್ದೆ.
ಇಲ್ಲ, ಲಾರಿ ಮಾತ್ರ, ಅಂದರು ಇಲಾಖೆಯವರು.

ಯಾಕೆ ಶುರುಮಾಡಿದೆ ಎಂದರೆ
ಪತ್ರಿಕೆಯವರಿಗೆ ಹೇಳುವುದು ಶಾಲೆಯ ಮಕ್ಕಳ ಮಾತು, ಹೊಗೆಯ ಮಾತು,
ಚರ್ಚಿನ ಗಾಜಿನಲ್ಲಿ ಸಂತನ ಮೂಗಿನ ತನಕ ಬಂದಿರುವ ಬಿರುಕು.
ಎಲ್ಲ ನಿಜವೇ.
ಆದರೆ ಇಲ್ಲೇ, ಈ ಬ್ಯಾಂಕಿನ ಮೆಟ್ಟಿಲಲ್ಲೇ,
ಜುಲೈ ಚಳಿಯ ಒಂದು ಮಧ್ಯಾಹ್ನ
ಲೆಸ್ ನನ್ನ ಕಡೆ ತಿರುಗಿ ಏನೋ ಹೇಳಿದ.
ಇಳಿಜಾರಲ್ಲಿ ಲಾರಿಯೊಂದು ಎಂಜಿನ್ ಬ್ರೇಕ್ ಹಿಡಿದು
ಗಂಟಲು ಹರಿದುಕೊಂಡು ಬಂತು.
ತುಟಿ ಆಡಿದ್ದು ಕಂಡೆ. ಏನಂದೆ? ಅಂದೆ.
"ಏನಿಲ್ಲ ಬಿಡು," ಅಂದ.
ಆಗಸ್ಟಿನಲ್ಲಿ ಅವನನ್ನು ಹೂಳಿದೆವು.
ನಲವತ್ತೊಂದು ವರ್ಷದ ಸಂಸಾರದಲ್ಲಿ
ಏನೂ ಅಲ್ಲದ್ದನ್ನು ಎಷ್ಟೋ ಹೇಳಿದ್ದ, ಎಲ್ಲ ಕೇಳಿಸಿಕೊಂಡಿದ್ದೆ;
ಅದೊಂದು ಬಾಕಿ.

ಅರ್ಜಿಗೆ ಹನ್ನೊಂದು ಸಾವಿರ ಸಹಿ.
ಒಬ್ಬ ಮಂತ್ರಿ ಹೆಲ್ಮೆಟ್ಟು ತೊಟ್ಟು ಫೋಟೊ ತೆಗೆಸಿಕೊಂಡ,
ಬೀಳಲು ಏನೂ ಇರದ ಬಯಲಿನಲ್ಲಿ.
ಕೊನೆಗೂ ಟೌನ್‌ಹಾಲಿನ ಗೋಡೆಗೆ ನಕ್ಷೆ ಬಂತು:
ಕೆಂಪು ಗೆರೆ, ನೀಲಿ ಗೆರೆ, ಹಸಿರು ಗೆರೆ.
ಮರ್ವ್ ಲಿಂಡ್ನರ್, ಆರು ವರ್ಷ ನನ್ನ ಪಕ್ಕದ ಕುರ್ಚಿಯವ,
ಹಸಿರಿನ ಮೇಲೆ ಬೆರಳಿಟ್ಟು ನಡೆಸಿದ, ನಡೆಸಿದ,
ಒಂದು ಕಡೆ ನಿಲ್ಲಿಸಿದ.
ಕುದುರೆಮಸಾಲೆ ಬೆಳೆಯುವ ಕೆಳಹೊಲ.
"ಇದು ನನ್ನ ಬೋರ್‌ವೆಲ್ ಕಣೆ, ನೋರೀನ್."
ಊರ ಗಂಟಲ ಮುಳ್ಳು ಕಿತ್ತು
ಅವನ ಅಂಗಾಲಿಗೆ ಚುಚ್ಚಬೇಕಂತೆ.
ನಾನು ಕೈಯಲ್ಲಿ ಬಿಸ್ಕತ್ತು ಹಿಡಿದೇ ನಿಂತೆ.
ನೀಲಿ ಆಗಲಿ ಎನ್ನಲೇ?
ನೀಲಿಯ ಮೇಲೆ ಯಾರಿದ್ದಾರೋ.

ಇವತ್ತು ಮಂಗಳವಾರ. ಮರ್ವ್ ಬಂದಿದ್ದಾನೆ,
ಎದುರು ಸಾಲಿಗೆ, ಖತ್ತಾರನ ಬೇಕರಿಯ ಮುಂದೆ, ಅವನದೇ ರಟ್ಟು ಹಿಡಿದು.
ನಾನು ಹೋಗುವ ಲಾರಿ ಎಣಿಸುತ್ತೇನೆ,
ಅವನು ನಿಲ್ಲುವ ಲಾರಿ:
ಪೈ ಕೊಳ್ಳಲು, ಡೀಸೆಲ್ಲಿಗೆ, ಉಚ್ಚೆಗೆ.
ಬೈಪಾಸ್ ಬೇಡದವರಿಗೆ ಆ ಲೆಕ್ಕ ಬೇಕಂತೆ.
ಲಾರಿ ಹಾದಾಗೊಮ್ಮೆ ಅವನು ಮಾಯ;
ಹೋದ ಮೇಲೆ ಮತ್ತೆ ಅದೇ ಟೊಪ್ಪಿ, ಅದೇ ಮಂಡಿ.
ಹತ್ತು ಗಂಟೆಗೆ ನನ್ನದು ಆರುನೂರ ಹದಿನಾಲ್ಕು.
ಅವನ ಪೆನ್ನು ಅಲುಗುವುದೇ ಅಪರೂಪ.

ಫ್ಲಾಸ್ಕು ಎತ್ತಿ ಹಿಡಿದು ಏನೋ ಕೂಗಿದ.
ಹತ್ತಿಯ ಲಾರಿ. ಅದರ ಬೆನ್ನಿಗೇ ಇನ್ನೊಂದು.
ಏನು? ಅಂದೆ.
ಕೈಯಾಡಿಸಿದ, ಏನಿಲ್ಲ ಬಿಡು ಎನ್ನುವ ಹಾಗೆ.

ಪೆನ್ನನ್ನು ಕ್ಲಿಪ್ಪಿಗೆ ಸಿಕ್ಕಿಸಿ ಎದ್ದೆ.
ದಾಟುವ ದೀಪ ಹಸಿರಾಗಲು ಮೂರು ನಿಮಿಷ.
ನಡುವೆ ಎಷ್ಟು ಹೋದವೋ, ಎಣಿಸಲಿಲ್ಲ;
ಇಲಾಖೆಯ ಹಾಳೆಯಲ್ಲಿ ಇವತ್ತು ಅಷ್ಟು ಕಡಿಮೆ.
ಬೀದಿ ದಾಟಿ, ಅವನ ಉಸಿರು ಕೇಳುವಷ್ಟು ಬಗ್ಗಿ,
ಇನ್ನೊಂದು ಸಲ ಹೇಳು, ಅಂದೆ.

"ಸಕ್ಕರೆ ತಂದಿದ್ದೀಯಾ ಅಂತ ಕೇಳಿದೆ," ಅಂದ ಮರ್ವ್.